ಹೆಸರುಗಳೇ ಅಕ್ಷವಾದಾಗ

ಸ್ಪ್ರೆಡ್‌ಶೀಟ್ ಚಾರ್ಟ್‌ನ ಲಂಬ ಅಕ್ಷದಲ್ಲಿ ಸಾಮಾನ್ಯವಾಗಿ ಅಂಕಿಗಳಿರುತ್ತವೆ, ಅಡ್ಡ ಅಕ್ಷದಲ್ಲಿ ಊರು, ಬೆಳೆ, ತಿಂಗಳುಗಳಂಥ ಹೆಸರುಗಳಿರುತ್ತವೆ. ಹೀಗೆ ಹೆಸರುಗಳನ್ನೇ ಅಕ್ಷವಾಗಿಸುವುದು ಕಂಪ್ಯೂಟರ್ ಕಾಲದ ಪದ್ಧತಿಯಲ್ಲ. ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ಸ್ತಂಭಚಿತ್ರವೊಂದು ಸ್ಕಾಟ್ಲೆಂಡಿನ ಆಮದು-ರಫ್ತನ್ನು ತೋರಿಸುತ್ತದೆ. ಹಲವು ವರ್ಷಗಳ ಲೆಕ್ಕ ಸಿಗದ ಕಾರಣ ಅವರು ಇಸವಿಗಳನ್ನು ಬಿಟ್ಟು, ವ್ಯಾಪಾರ ನಡೆದ 17 ನಾಡುಗಳ ಹೆಸರುಗಳನ್ನೇ ಅಕ್ಷದ ಉದ್ದಕ್ಕೂ ಬರೆದರು.

ಎಕ್ಸೆಲ್‌ನಲ್ಲಿ ಕಾಲಂ, ಬಾರ್, ಲೈನ್ ಚಾರ್ಟ್‌ಗಳು ಹೆಸರುಗಳನ್ನು ಇದ್ದ ಹಾಗೆಯೇ ತೆಗೆದುಕೊಂಡು ಸಮಾನ ಅಂತರದಲ್ಲಿ ಜೋಡಿಸುತ್ತವೆ. ಸ್ಕ್ಯಾಟರ್ ಚಾರ್ಟ್ ಹಾಗಲ್ಲ. ಅದಕ್ಕೆ ಎರಡೂ ಕಡೆ ಅಂಕಿಗಳೇ ಬೇಕು. ಮಳೆ ನಕ್ಷತ್ರಗಳ ಲೆಕ್ಕವನ್ನು ನೋಡಬಹುದು. ಮೊದಲ ಕಾಲಂನಲ್ಲಿ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಬರೆದು, ಎರಡನೆಯದರಲ್ಲಿ ಬಿದ್ದ ಮಳೆಯನ್ನು ಮಿಲಿಮೀಟರ್‌ಗಳಲ್ಲಿ ತುಂಬಿ ಕಾಲಂ ಚಾರ್ಟ್ ಹಾಕಿದರೆ ಪ್ರತಿ ಕಂಬದ ಕೆಳಗೆ ಮಳೆಯ ಹೆಸರು ಬರುತ್ತದೆ. ಅದೇ ಲೆಕ್ಕಕ್ಕೆ ಸ್ಕ್ಯಾಟರ್ ಆರಿಸಿದರೆ ಹೆಸರುಗಳು ಮಾಯವಾಗಿ 1, 2, 3 ಎಂಬ ಕ್ರಮಸಂಖ್ಯೆಗಳು ಉಳಿಯುತ್ತವೆ.

ಇಸವಿಗಳ ತೊಡಕು ಇದಕ್ಕೆ ತಿರುವುಮುರುವು. 2021, 2022 ಎಂಬುವು ಇಲ್ಲಿ ಹೆಸರುಗಳಂತೆ ಬಳಕೆಯಾದರೂ ನೋಡಲು ಅಂಕಿಗಳು. ಹೀಗಾಗಿ ಎಕ್ಸೆಲ್ ಅವುಗಳನ್ನೂ ಅಳತೆಯೆಂದು ತಿಳಿದು ಇನ್ನೊಂದು ಸಾಲು ಕಂಬಗಳನ್ನು ಎಬ್ಬಿಸಿಬಿಡಬಹುದು. ಇಸವಿ ಕಾಲಂನ ತಲೆಯ ಸೆಲ್ ಖಾಲಿ ಬಿಟ್ಟು ಚಾರ್ಟ್ ಹಾಕಿದರೆ ಈ ಗೊಂದಲ ತಪ್ಪುತ್ತದೆ. ಹಾಕಿದ ಮೇಲೆ ಸರಿಪಡಿಸಬೇಕಾದರೆ ಚಾರ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಲೆಕ್ಟ್ ಡೇಟಾ’ ತೆರೆಯಬೇಕು. ಎಡಗಡೆಯ ಪಟ್ಟಿಯಿಂದ ಇಸವಿಯ ಸರಣಿಯನ್ನು ತೆಗೆದುಹಾಕಿ, ಬಲಗಡೆಯ ‘ಎಡಿಟ್’ ಒತ್ತಿ ಇಸವಿಗಳಿರುವ ಸೆಲ್‌ಗಳನ್ನು ಲೇಬಲ್‌ಗಳಾಗಿ ಆರಿಸಬೇಕು.

ದಿನಾಂಕಗಳಿದ್ದರೆ ಎಕ್ಸೆಲ್ ಸಾಮಾನ್ಯವಾಗಿ ಕಾಲದ ಅಕ್ಷವನ್ನೇ ರಚಿಸಿ, ಲೆಕ್ಕವಿಲ್ಲದ ದಿನಗಳಿಗೂ ಜಾಗ ಬಿಡುತ್ತದೆ. ವಾರಕ್ಕೊಮ್ಮೆ ನಡೆಯುವ ಸಂತೆಯ ಧಾರಣೆಯನ್ನು ಕಂಬಗಳಲ್ಲಿ ತೋರಿಸುವಾಗ ನಡುವೆ ಖಾಲಿ ಜಾಗ ಬೇಡವೆನಿಸಿದರೆ ‘ಫಾರ್ಮ್ಯಾಟ್ ಆಕ್ಸಿಸ್’ನಲ್ಲಿ ‘ಟೆಕ್ಸ್ಟ್ ಆಕ್ಸಿಸ್’ ಆರಿಸಬೇಕು.

ಲಂಬ ಅಕ್ಷದಲ್ಲಿಯೇ ಪದಗಳು ಬೇಕಾಗುವುದೂ ಉಂಟು. ಬೆಳೆಯ ಸ್ಥಿತಿಯನ್ನು 1, 2, 3 ಎಂದು ದಾಖಲಿಸಿ ಲೈನ್ ಚಾರ್ಟ್ ಹಾಕಿದ ನಂತರ, ಅಕ್ಷದ ನಂಬರ್ ಫಾರ್ಮ್ಯಾಟ್‌ನಲ್ಲಿ [=1]"ಕಳಪೆ";[=2]"ಸಾಧಾರಣ";"ಉತ್ತಮ" ಎಂದು ಬರೆದರೆ ಅಂಕಿಗಳ ಜಾಗದಲ್ಲಿ ಪದಗಳು ಬರುತ್ತವೆ. ಅಕ್ಷದ ಕನಿಷ್ಠ 1, ಗರಿಷ್ಠ 3, ಮುಖ್ಯ ಅಂತರ 1 ಇರಬೇಕು. ಕನಿಷ್ಠವನ್ನು 0 ಎಂದು ಬಿಟ್ಟರೆ ತಳದಲ್ಲೂ ‘ಉತ್ತಮ’ ಎಂದೇ ಕಾಣಿಸುತ್ತದೆ. ಈ ಉಪಾಯ ಮೂರು ಪದಗಳಿಗಷ್ಟೇ ಸಾಕಾಗುತ್ತದೆ.

ಉದ್ದನೆಯ ಹೆಸರುಗಳು ಕಂಬಗಳ ಕೆಳಗೆ ಓರೆಯಾಗಿ ಇಕ್ಕಟ್ಟಾಗುತ್ತವೆ. ಅವಕ್ಕೆ ಅಡ್ಡಪಟ್ಟಿಗಳ ಬಾರ್ ಚಾರ್ಟ್ ಒಳ್ಳೆಯದು. ಅದರಲ್ಲಿ ಪಟ್ಟಿಯ ಮೊದಲ ಹೆಸರು ತಳಕ್ಕೆ ಹೋಗುವುದರಿಂದ ‘ಕ್ಯಾಟಗರೀಸ್ ಇನ್ ರಿವರ್ಸ್ ಆರ್ಡರ್’ ಆಯ್ಕೆಗೆ ಗುರುತು ಹಾಕಬೇಕು.

ಅಂಕಿಗಳ ಕ್ರಮ ತಾನಾಗಿ ಬರುತ್ತದೆ, ಹೆಸರುಗಳ ಕ್ರಮವನ್ನು ಚಾರ್ಟ್ ಮಾಡುವವರೇ ನಿರ್ಧರಿಸಬೇಕು. ಮಳೆ ನಕ್ಷತ್ರಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಮಳೆಗಾಲದ ಏರಿಳಿತವೇ ಕಾಣದಾಗುತ್ತದೆ. ಸಹಜ ಕ್ರಮವಿರುವ ಹೆಸರುಗಳನ್ನು ಅದೇ ಕ್ರಮದಲ್ಲಿಡಬೇಕು, ಊರು-ಬೆಳೆಗಳಂಥವನ್ನು ಪ್ರಮಾಣದ ಇಳಿಕೆಯಂತೆ ಜೋಡಿಸಬೇಕು. ಇಷ್ಟು ಮಾಡಿದರೆ ಓದುಗರಿಗೆ ಹೋಲಿಕೆ ಸುಲಭವಾಗುತ್ತದೆ.