ಮೈತೂಕದ ದೀರ್ಘಕಾಲಿಕ ನಿಯಂತ್ರಣದಲ್ಲಿ ಪ್ರೇರಣೆಯ ಸ್ಥಾನ

ಮೈತೂಕವನ್ನು ಇಳಿಸುವುದು ಹೇಗೆಂಬ ಪ್ರಶ್ನೆಗೆ ಉತ್ತರಗಳು ಹೇರಳವಾಗಿವೆ. ಇಳಿಸಿದ ತೂಕವನ್ನು ಹತ್ತು ವರ್ಷಗಳ ಕಾಲ ಇಳಿದಂತೆಯೇ ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಉತ್ತರಗಳು ವಿರಳ. ಮೊದಲನೆಯದು ಬಹುಮಟ್ಟಿಗೆ ಆಹಾರಶಾಸ್ತ್ರಕ್ಕೆ ಸೇರಿದುದು. ಎರಡನೆಯದನ್ನು ಆಹಾರಶಾಸ್ತ್ರ, ಶರೀರಶಾಸ್ತ್ರ, ಮನಶ್ಶಾಸ್ತ್ರ ಈ ಮೂರೂ ಕೂಡಿ ವಿಚಾರಮಾಡಬೇಕಾಗುತ್ತದೆ. ಈ ವಿಷಯದಲ್ಲಿ ನಡೆದಿರುವ ಸಂಶೋಧನೆಗಳ ಸಾರವನ್ನು ನಮ್ಮ ನಾಡಿನ ಒಂದು ಊರನ್ನು ಮುಂದಿಟ್ಟುಕೊಂಡು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಆ ಊರು ಚಿಕ್ಕಬಳ್ಳಾಪುರ ಜಿಲ್ಲೆ, ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಅಲ್ಲಿಯ ಮನೆಗಳನ್ನು ಎಣಿಸಿ, ಜನರನ್ನು ತೂಗಿ ಬರೆದ ಸಮೀಕ್ಷೆ ಇದಲ್ಲ. ಬೇರೆಡೆಗಳಲ್ಲಿ ನಡೆದ ಸಂಶೋಧನೆಗಳು ಅಂಥ ಊರಿನ ಊಟದ ಪಂಕ್ತಿಯಲ್ಲಿ ಏನು ಅರ್ಥವನ್ನು ಪಡೆಯುತ್ತವೆಂಬುದಷ್ಟೇ ನಮ್ಮ ವಿಚಾರ. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಮಳೆಯನ್ನೂ ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿದ ಸೀಮೆಯದು. ರಾಗಿ, ರೇಷ್ಮೆ, ಹಾಲು, ತರಕಾರಿ ಅಲ್ಲಿಯ ಜೀವನಾಧಾರಗಳು. ಕನ್ನಡದವರು ಮುದ್ದೆಯೆಂದೂ ತೆಲುಗು ಮನೆಮಾತಿನವರು ಸಂಗಟಿಯೆಂದೂ ಕರೆಯುವ ರಾಗಿಯ ಹಿಟ್ಟೇ ಅಲ್ಲಿಯ ಮುಖ್ಯಾಹಾರವಾಗಿ ಬಂದಿದೆ.

ಬರಗಾಲದ ನೆನಪು ಮಾಸದ ಇಂಥ ಸೀಮೆಯಲ್ಲಿ ಬೊಜ್ಜಿನ ಮಾತೇಕೆಂದು ವಾಚಕರು ಕೇಳಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಶೇಕಡ 30ರಷ್ಟು ಮಂದಿಯ ತೂಕ ಮಿತಿಮೀರಿದೆ. 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡ 22–23ರಷ್ಟಿತ್ತು. ತೂಕ ಸಾಲದ ಸ್ತ್ರೀಯರು ಇನ್ನೂ ಶೇಕಡ 17ರಷ್ಟಿದ್ದಾರೆ. ಕೊರತೆಯೂ ಅತಿರೇಕವೂ ಒಂದೇ ಬೀದಿಯಲ್ಲಿ ನೆಲೆಸಿರುವುದು ನಮ್ಮ ಕಾಲದ ವಿಚಿತ್ರ ಸ್ಥಿತಿ. ಇದಕ್ಕೆ ಮೈಸೂರಿನಲ್ಲಿಯೇ ದೊರೆತ ಒಂದು ಸಾಕ್ಷ್ಯವನ್ನು ಸೇರಿಸಬೇಕು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರನ್ನು ಹಳೆಯ ದಾಖಲೆಗಳ ನೆರವಿನಿಂದ ಹುಡುಕಿ ಪರೀಕ್ಷಿಸಿ, 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದಾಗ ತೂಕ ಕಡಿಮೆಯಿದ್ದವರಿಗೆ ಮುಂದೆ ಹೃದ್ರೋಗ ಹೆಚ್ಚಾಗಿ ಬಂದುದು ಕಂಡುಬಂದಿತು. ಗರ್ಭದಲ್ಲಿ ಕೊರತೆಯನ್ನು ಉಂಡ ದೇಹಕ್ಕೆ ಅನಂತರದ ಸಮೃದ್ಧಿ ಒಗ್ಗುವುದು ಕಷ್ಟವೆಂಬ ಊಹೆಗೆ ಇದು ಬೆಂಬಲ ನೀಡುತ್ತದೆ. ಏಷ್ಯಾದ ಜನರಿಗೆ ತೂಕದ ಅಪಾಯ ಬೇಗನೆ ಮೊದಲಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿರುವುದನ್ನೂ ಇಲ್ಲಿ ನೆನೆಯಬಹುದು. ಆ ಸೂಚನೆಯಂತೆ 150 ಸೆಂಟಿಮೀಟರ್ ಎತ್ತರದವರು ಸುಮಾರು 52 ಕಿಲೋಗ್ರಾಂ ದಾಟಿದೊಡನೆಯೇ ಎಚ್ಚರ ವಹಿಸತಕ್ಕದ್ದು.

ಊಟದಲ್ಲಿ ಬದಲಾದುದೇನು? ಹಿಟ್ಟು ಉಂಡವನಿಗೆ ಬಲ ಬರುವುದೇ ಹೊರತು ಬೊಜ್ಜು ಬರುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ದೃಢವಾಗಿದೆ. ವಾಸ್ತವವಾಗಿ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕಿಲೋಕ್ಯಾಲೊರಿ, ಅಷ್ಟೇ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಮಾರು 355 ಕಿಲೋಕ್ಯಾಲೊರಿ ಶಕ್ತಿಯಿದೆ, ಅಂತರ ದೊಡ್ಡದಲ್ಲ. ನಾರಿನಂಶದಲ್ಲಿ ಮಾತ್ರ ರಾಗಿ ಅಕ್ಕಿಗಿಂತ ನಾಲ್ಕು ಪಾಲು ಮುಂದಿದೆ. ಹಿಂದೆ ಮುದ್ದೆ ಮೈಗೆ ಹತ್ತದಿದ್ದುದಕ್ಕೆ ಮುದ್ದೆಯಷ್ಟೇ ಕಾರಣವಲ್ಲ. ಅದನ್ನು ಉಂಡವರು ಕಪಿಲೆ ಹೊಡೆಯುತ್ತಿದ್ದರು, ನೀರು ಹೊರುತ್ತಿದ್ದರು, ಸಂತೆಗೆ ನಡೆದು ಹೋಗುತ್ತಿದ್ದರು. ಈಗ ನೀರೆತ್ತಲು ಪಂಪು, ಹೋಗಿಬರಲು ದ್ವಿಚಕ್ರ ವಾಹನಗಳಿವೆ. ಅಕ್ಕಿ, ಎಣ್ಣೆ, ಸಕ್ಕರೆ ಸುಲಭವಾಗಿ ಮನೆ ಸೇರುತ್ತವೆ. ದುಡಿಮೆ ಬದಲಾದರೂ ಬಡಿಸುವ ಕೈಯ ಅಳತೆ ಬದಲಾಗಿಲ್ಲ.

ಹಾಗಾದರೆ ಕಡಿಮೆ ಉಂಡರಾಯಿತೆಂದು ಹೇಳುವುದು ಸುಲಭ. ಈ ಉಪದೇಶವನ್ನು ದೇಹವು ಹೇಗೆ ಸ್ವೀಕರಿಸುತ್ತದೆಂಬುದನ್ನು ತಿಳಿಯಲು ರೇಷ್ಮೆಯ ಮನೆಯನ್ನು ನೋಡೋಣ. ಹಗಲಿರುಳೂ ಹಿಪ್ಪುನೇರಳೆ ಸೊಪ್ಪನ್ನು ಮೇಯುವ ಹುಳು, ರೈತರು ಜ್ವರವೆಂದು ಕರೆಯುವ ಪೊರೆ ಬಿಡುವ ಅವಧಿ ಬಂದೊಡನೆ ತಾನಾಗಿ ಮೇವು ನಿಲ್ಲಿಸುತ್ತದೆ. ಹಣ್ಣಾದ ಮೇಲೆ ಚಂದ್ರಿಕೆಯನ್ನೇರಿ ಮತ್ತೆ ಸೊಪ್ಪನ್ನು ಮುಟ್ಟುವುದಿಲ್ಲ. ತಿನ್ನುವುದನ್ನೂ ನಿಲ್ಲಿಸುವುದನ್ನೂ ಅದರ ದೇಹವೇ ನಿಯಮಿಸುತ್ತದೆ. ಮನುಷ್ಯನಲ್ಲಿಯೂ ಇಂಥ ಆಂತರಿಕ ನಿಯಮವಿದೆ. ಆದರೆ ಅದು ತೂಕ ಏರುವುದನ್ನು ತಡೆಯುವುದಕ್ಕಿಂತ ಹೆಚ್ಚು ಬಲವಾಗಿ ತೂಕ ಇಳಿಯುವುದನ್ನು ತಡೆಯುತ್ತದೆ.

ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944–45ರಲ್ಲಿ 36 ಮಂದಿ ಸ್ವಯಂಸೇವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದನು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಮನಸ್ಸೆಲ್ಲ ಅನ್ನಮಯವಾಯಿತು. ಅಡುಗೆಯ ಪುಸ್ತಕಗಳನ್ನು ಓದುವುದು ಕೆಲವರಿಗೆ ವ್ಯಸನವಾಯಿತು. ನಿರ್ಬಂಧ ಸಡಿಲಿದ ಮೇಲೆ ಹೊಟ್ಟೆ ತುಂಬಿದರೂ ತೃಪ್ತಿಯಾಗಲಿಲ್ಲ. ಮೆಲ್ಬರ್ನಿನಲ್ಲಿ 50 ಮಂದಿ ಸ್ಥೂಲದೇಹಿಗಳನ್ನು 10 ವಾರ ಕಟ್ಟುನಿಟ್ಟಾದ ಪಥ್ಯದಲ್ಲಿಟ್ಟು ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನವು, ಹಸಿವನ್ನು ಕೆರಳಿಸುವ ರಸದೂತಗಳು ಒಂದು ವರ್ಷ ಕಳೆದರೂ ಪೂರ್ವಸ್ಥಿತಿಗೆ ಮರಳಿರಲಿಲ್ಲವೆಂದು ತೋರಿಸಿತು. ಇತ್ತೀಚೆಗೆ ಬಳಕೆಗೆ ಬಂದಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಹಸಿವನ್ನು ಗಣನೀಯವಾಗಿ ತಗ್ಗಿಸುತ್ತದೆ. ಆದರೆ ಅದನ್ನು ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲೆರಡು ಪಾಲು ಒಂದೇ ವರ್ಷದಲ್ಲಿ ಮರಳಿತೆಂದು 2022ರ ವರದಿಯೊಂದು ತಿಳಿಸುತ್ತದೆ. ಆದಕಾರಣ, ತೂಕ ಮತ್ತೆ ಏರಿದವರನ್ನು ನಾಲಗೆಯ ಚಪಲದವರೆಂದು ಹಳಿಯುವುದು ಅಶಾಸ್ತ್ರೀಯ.

ದೇಹದ ಈ ಪ್ರತಿರೋಧಕ್ಕೆ ಮನಸ್ಸಿನ ಒಂದು ಬಲೆಯೂ ಕೂಡಿಕೊಳ್ಳುತ್ತದೆ. ಹರ್ಮನ್ ಮತ್ತು ಮ್ಯಾಕ್ ಎಂಬ ಸಂಶೋಧಕರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಮೊದಲು ಸಿಹಿ ಹಾಲಿನ ಪಾನೀಯವನ್ನು ಕೊಟ್ಟು, ಅನಂತರ ಐಸ್‌ಕ್ರೀಮನ್ನು ಬೇಕಾದಷ್ಟು ತಿನ್ನಲು ಬಿಟ್ಟರು. ಸಾಮಾನ್ಯರು ಪಾನೀಯ ಕುಡಿದಷ್ಟೂ ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿರುವವರಾದರೋ ಹೆಚ್ಚು ತಿಂದರು. ನೇಮ ಹೇಗೂ ಮುರಿಯಿತು, ಇನ್ನು ಹಿಡಿತವೇಕೆ ಎಂಬ ಭಾವನೆಯೇ ಇದಕ್ಕೆ ಕಾರಣವೆಂದು ವ್ಯಾಖ್ಯಾನಿಸಲಾಗಿದೆ.

ಹೀಗಿರಲು, ಕೆಲವರಾದರೂ ಇಳಿದ ತೂಕವನ್ನು ವರ್ಷಗಟ್ಟಲೆ ಕಾಪಾಡಿಕೊಳ್ಳುವುದು ಹೇಗೆ? ಇಲ್ಲಿ ಪ್ರೇರಣೆಯ ವಿಚಾರ ಮುಂದೆ ಬರುತ್ತದೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ಎಂಬ ಮನಶ್ಶಾಸ್ತ್ರಜ್ಞರು ಪ್ರೇರಣೆಯ ಪ್ರಮಾಣಕ್ಕಿಂತ ಅದರ ಗುಣ ಮುಖ್ಯವೆಂದು ಪ್ರತಿಪಾದಿಸಿದರು. ಗದರಿಕೆ, ನಾಚಿಕೆ, ಬಹುಮಾನಗಳಿಂದ ಹುಟ್ಟುವುದು ಪರಪ್ರೇರಣೆ. ತನಗೆ ಒಪ್ಪಿಗೆಯಾದ ಕಾರಣದಿಂದ ಹುಟ್ಟುವುದು ಸ್ವಪ್ರೇರಣೆ. ಅವರೂ ಅವರ ಸಹೋದ್ಯೋಗಿಗಳೂ 128 ಮಂದಿಯನ್ನು ಪಥ್ಯದ ಆರು ತಿಂಗಳಲ್ಲಿಯೂ ಅದರಾಚೆಗೂ ಅನುಸರಿಸಿ, 1996ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಸ್ವಪ್ರೇರಿತರು ತರಗತಿಗಳಿಗೆ ತಪ್ಪದೆ ಬಂದರು, ಹೆಚ್ಚು ತೂಕ ಇಳಿಸಿದರು, ಇಳಿಸಿದುದನ್ನು ಹೆಚ್ಚು ಉಳಿಸಿಕೊಂಡರು. ಸಲಹೆಗಾರರು ತಮ್ಮ ಇಷ್ಟಾನಿಷ್ಟಗಳನ್ನು ಕೇಳುತ್ತಾರೆಂದು ಅನಿಸಿದವರಲ್ಲಿಯೇ ಈ ಸ್ವಪ್ರೇರಣೆ ಅಧಿಕವಾಗಿತ್ತು.

ಈ ತತ್ತ್ವ ನಮ್ಮ ಹಳ್ಳಿಗೆ ಅಪರಿಚಿತವೇನೂ ಅಲ್ಲ. ಶನಿವಾರದ ಒಪ್ಪತ್ತನ್ನು ಮೂವತ್ತು ವರ್ಷ ಬಿಡದೆ ನಡೆಸಿಕೊಂಡು ಬಂದ ಮುದುಕಿಯರು ಯಾವ ಊರಿನಲ್ಲಿ ಇಲ್ಲ? ವೈದ್ಯರು ಹೇಳಿದ ಪಥ್ಯವನ್ನು ಮೂರು ವಾರ ಪಾಲಿಸಲಾರದವರೇ ಈ ನೇಮವನ್ನು ಆಯಾಸವಿಲ್ಲದೆ ಪಾಲಿಸುತ್ತಾರೆ. ಕಾರಣಗಳು ಸ್ಪಷ್ಟವಾಗಿವೆ. ಸಂಕಲ್ಪ ತಮ್ಮದು. ದಿನ ಮೊದಲೇ ಗೊತ್ತಾದುದರಿಂದ ಪ್ರತಿ ಊಟದಲ್ಲಿಯೂ ಮನಸ್ಸಿನೊಡನೆ ಜಗಳವಿಲ್ಲ. ಮನೆಯವರಿಗೆಲ್ಲ ತಿಳಿದಿರುವುದರಿಂದ ಯಾರೂ ಒತ್ತಾಯಿಸಿ ಬಡಿಸುವುದಿಲ್ಲ. ಒಂದು ವಾರ ತಪ್ಪಿದರೆ ವ್ರತವನ್ನೇ ಕೈಬಿಡದೆ ಮುಂದಿನ ವಾರ ಮುಂದುವರಿಸುತ್ತಾರೆ. ಹರ್ಮನ್ ಮತ್ತು ಮ್ಯಾಕ್ ಕಂಡ ಬಲೆಯಿಂದ ಪಾರಾಗುವ ದಾರಿ ಇದರಲ್ಲಿಯೇ ಇದೆ. ಇದರಿಂದ ಉಪವಾಸವನ್ನೇ ಔಷಧವೆಂದು ನಾವು ಹೇಳುತ್ತಿಲ್ಲ. ಒಪ್ಪತ್ತಿನ ಫಲಾಹಾರ ಕೆಲವೊಮ್ಮೆ ಊಟಕ್ಕಿಂತ ಭಾರವಾಗಿರುತ್ತದೆ. ಮಧುಮೇಹಕ್ಕೆ ಔಷಧ ಸೇವಿಸುವವರಿಗೆ ವೈದ್ಯರನ್ನು ಕೇಳದ ಉಪವಾಸ ಅಪಾಯಕರ. ಅನುಕರಣೀಯವಾದುದು ನೇಮದ ರಚನೆ ಮಾತ್ರ.

ಈ ರಚನೆಯಲ್ಲಿ ಮನೆಯವರ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಪಾಶ್ಚಾತ್ಯ ಸಂಶೋಧನೆಗಳು ಬಹುಮಟ್ಟಿಗೆ ತನ್ನ ತಟ್ಟೆಯನ್ನು ತಾನೇ ಆರಿಸಿಕೊಳ್ಳುವ ವ್ಯಕ್ತಿಯನ್ನು ಎದುರಿಗಿಟ್ಟುಕೊಂಡವು. ನಮ್ಮಲ್ಲಿ ಒಲೆ ಒಂದು, ಪಾತ್ರೆ ಒಂದು, ಉಣ್ಣುವವರು ಐದಾರು ಮಂದಿ. ಇನ್ನೊಂದು ತುತ್ತು ಬಡಿಸುವುದು ಪ್ರೀತಿಯ ಗುರುತು, ಬೇಡವೆನ್ನುವುದು ಅನಾದರ. ಎಲ್ಲರೂ ಉಂಡ ಮೇಲೆ ಉಣ್ಣುವ ಗೃಹಿಣಿ, ಅನ್ನ ಚೆಲ್ಲಬಾರದೆಂದು ಮಿಕ್ಕುದನ್ನೂ ತಾನೇ ಉಣ್ಣುತ್ತಾಳೆ. ಆಕೆಗೆ ಪ್ರತ್ಯೇಕವಾದ ಪಥ್ಯದ ಪಟ್ಟಿಯನ್ನು ಕೊಟ್ಟು ಕಳುಹಿಸಿದರೆ ಅದು ಗೋಡೆಯ ಮೇಲೆಯೇ ಉಳಿಯುತ್ತದೆ. ಮನೆಗೆಲ್ಲ ಒಪ್ಪುವ ಒಂದೆರಡು ಮಾರ್ಪಾಡುಗಳು ಬಾಳುತ್ತವೆ: ಮುದ್ದೆಯ ಗಾತ್ರವನ್ನು ತುಸು ಕಿರಿದುಮಾಡಿ ಸೊಪ್ಪು, ಕಾಳುಗಳ ಸಾರನ್ನು ಹೆಚ್ಚಿಸುವುದು, ಎಣ್ಣೆಯನ್ನು ತಿಂಗಳಿಗೆ ಅಳೆದು ತರುವುದು, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು.

ಕೊನೆಯದಾಗಿ, ಯಶಸ್ಸನ್ನು ಯಾವುದರಿಂದ ಅಳೆಯಬೇಕು? ಅಮೆರಿಕದಲ್ಲಿ 3,234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹತೂಕದ ಶೇಕಡ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷಗಳ ನಡಿಗೆಯಂಥ ವ್ಯಾಯಾಮ, ಇವನ್ನು ಗುರಿಯಾಗಿಟ್ಟುಕೊಂಡವರಲ್ಲಿ ಮಧುಮೇಹದ ಸಂಭವ ಶೇಕಡ 58ರಷ್ಟು ತಗ್ಗಿತು. ಚೆನ್ನೈಯಲ್ಲಿ ಡಾ॥ ಎ. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 531 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ಆಹಾರ, ವ್ಯಾಯಾಮಗಳ ಮಾರ್ಪಾಡಿನಿಂದ ಮಧುಮೇಹದ ಸಂಭವ ಶೇಕಡ 28.5ರಷ್ಟು ತಗ್ಗಿತು, ಆದರೆ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯೇ ಆಗಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ದೇಹಕ್ಕೆ ಹಿತವಾಗಿರಬಹುದೆಂಬ ಈ ಸಂಗತಿಯನ್ನು ಸಲಹೆ ಕೇಳಲು ಬಂದವರಿಗೆ ಮೊದಲ ದಿನವೇ ತಿಳಿಸಬೇಕು. ಇಲ್ಲವಾದರೆ ಎರಡು ತಿಂಗಳಲ್ಲಿ ನಿರಾಶರಾಗಿ ಅವರು ನಡಿಗೆಯನ್ನೂ ಬಿಡುತ್ತಾರೆ, ಆಸ್ಪತ್ರೆಗೆ ಬರುವುದನ್ನೂ ಬಿಡುತ್ತಾರೆ. ಈ ನಷ್ಟ ಮೂರು ಕಿಲೋಗ್ರಾಂ ತೂಕಕ್ಕಿಂತ ದೊಡ್ಡದು.

ಮೇಲ್ಕಂಡ ವಿಚಾರಗಳಿಂದ ಹೊರಡುವ ನಿರ್ಣಯ ಸರಳವಾಗಿದೆ. ಇಳಿದ ತೂಕ ಮರಳಲು ಯತ್ನಿಸುವುದು ದೇಹಧರ್ಮ. ಅದನ್ನು ಕಾಯುವ ನೇಮ ವರ್ಷಗಟ್ಟಲೆ ನಿಲ್ಲಬೇಕಾದರೆ ಅದು ಪಾಲಿಸುವವರ ಸ್ವಂತ ಸಂಕಲ್ಪದಿಂದ ಹುಟ್ಟಬೇಕು, ಮನೆಯವರ ಸಮ್ಮತಿಯನ್ನು ಪಡೆದಿರಬೇಕು, ತಪ್ಪಿದಾಗ ಮತ್ತೆ ಹಿಡಿಯಲು ಅವಕಾಶವುಳ್ಳದ್ದಾಗಿರಬೇಕು. ಕೆಂಚಾರ್ಲಹಳ್ಳಿಯಂಥ ಊರುಗಳಲ್ಲಿ ದುಡಿಯುವ ವೈದ್ಯರೂ ದಾದಿಯರೂ ಆಶಾ ಕಾರ್ಯಕರ್ತೆಯರೂ ತಕ್ಕಡಿಯ ಮೇಲೆ ನಿಂತವರನ್ನು ಗದರಿಸುವ ಮೊದಲು, ಮನೆಯಲ್ಲಿ ಯಾರು ಬಡಿಸುತ್ತಾರೆ, ಯಾರು ಕೊನೆಗೆ ಉಣ್ಣುತ್ತಾರೆ, ಯಾವ ಬದಲಾವಣೆ ಅವರ ಮನಸ್ಸಿಗೆ ಒಪ್ಪಿಗೆಯೆಂದು ಕೇಳಿದರೆ, ಚಿಕಿತ್ಸೆಯ ಅರ್ಧಭಾಗ ಆಗಲೇ ಆರಂಭವಾದಂತೆ ಎಂದು ನಾವು ಭಾವಿಸುತ್ತೇವೆ.