ಭಾರ ಎತ್ತುವ ಸರಿಯಾದ ಕ್ರಮ

ತುಮಕೂರು ರಸ್ತೆಯ ಮಗ್ಗುಲಿನಲ್ಲಿರುವ ಪೀಣ್ಯವು 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ರೂಪುಗೊಂಡಿತು. ಲೇತ್ ಯಂತ್ರಗಳ ಸಣ್ಣ ಕಾರ್ಖಾನೆಗಳು, ಸಿದ್ಧ ಉಡುಪಿನ ಕಾರ್ಖಾನೆಗಳು, ಉಗ್ರಾಣಗಳು ಅಲ್ಲಿ ಒತ್ತೊತ್ತಾಗಿವೆ. ಹಳ್ಳಿಗಳಿಂದ ಹೋದ ಅನೇಕ ದಂಪತಿಗಳು ಅಲ್ಲಿ ದುಡಿದು ಸಂಸಾರ ನಡೆಸುತ್ತಾರೆ. "ಹೊಲದಲ್ಲಿ ರಾಗಿ ಮೂಟೆ ಹೊತ್ತವನಿಗೆ ಕಾರ್ಖಾನೆಯ ಭಾರ ಯಾವ ಲೆಕ್ಕ?" ಎಂದು ಭಾವಿಸುವವರುಂಟು. ಈ ಭಾವನೆ ಸರಿಯಲ್ಲ. ಸುಗ್ಗಿಯ ಮೂಟೆ ಕೆಲವೇ ದಿನಗಳದು. ಕಾರ್ಖಾನೆಯಲ್ಲಾದರೋ ವರ್ಷವಿಡೀ, ದಿನಕ್ಕೆ ಹಲವಾರು ಬಾರಿ ಭಾರ ಎತ್ತಬೇಕಾಗುತ್ತದೆ. ಮೂಟೆ ಹೆಗಲಿಗೆ ಒಗ್ಗಿ ಕೂರುತ್ತದೆ. ಎಣ್ಣೆ ಮೆತ್ತಿದ ಕಬ್ಬಿಣವು ಕೈಯಿಂದ ಜಾರುತ್ತದೆ.

ಬೆನ್ನಿಗೆ ಪೆಟ್ಟಾಗುವುದು ಹೇಗೆ?

ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮೂಳೆಗಳ ಸಾಲು. ಮೂಳೆಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳಿವೆ. ಸೊಂಟ ಬಗ್ಗಿಸಿ, ಚಾಚಿದ ಕೈಗಳಿಂದ ಭಾರ ಎತ್ತಿದಾಗ ಈ ಬಿಲ್ಲೆಗಳ ಮೇಲೆ ಬೀಳುವ ಒತ್ತಡವು ವಸ್ತುವಿನ ತೂಕಕ್ಕಿಂತ ಹಲವು ಪಟ್ಟು ಹೆಚ್ಚು. ಹೀಗೆ ಪದೇ ಪದೇ ನಡೆದರೆ ಬಿಲ್ಲೆಯು ಉಬ್ಬಿ ಪಕ್ಕದ ನರವನ್ನು ಒತ್ತಬಹುದು. ಆಗ ಸೊಂಟದ ನೋವು ಕಾಲಿಗೂ ಇಳಿಯುತ್ತದೆ.

ತುಂಬಿದ ಬಿಂದಿಗೆಯನ್ನು ನಮ್ಮ ಹೆಣ್ಣುಮಕ್ಕಳು ಸೊಂಟಕ್ಕೆ ಆನಿಸಿ ನಡೆಯುತ್ತಾರೆ. ಅದನ್ನೇ ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಯೂ ಸಾಗದು. ಬಿಂದಿಗೆಯ ತೂಕ ಬದಲಾಗಿಲ್ಲ; ದೇಹದಿಂದ ಅದರ ದೂರ ಬದಲಾಗಿದೆ. ಭಾರವು ಮೈಗೆ ಹತ್ತಿರವಿರಬೇಕೆಂಬುದೇ ಇಲ್ಲಿನ ಮುಖ್ಯ ಪಾಠ.

ಎತ್ತುವ ವಿಧಾನ

ಮೊದಲು ಭಾರವನ್ನು ಸ್ವಲ್ಪ ಅಲುಗಿಸಿ ಅದರ ತೂಕವನ್ನು ಅಂದಾಜು ಮಾಡಿರಿ. ಹೋಗುವ ದಾರಿಯಲ್ಲಿ ಎಣ್ಣೆ, ತಂತಿ, ಕಬ್ಬಿಣದ ಚೂರು ಇದ್ದರೆ ತೆಗೆಯಿರಿ. ಪಾದಗಳನ್ನು ಅಗಲಿಸಿ, ಒಂದನ್ನು ಕೊಂಚ ಮುಂದಿಟ್ಟು, ಭಾರದ ಹತ್ತಿರವೇ ನಿಲ್ಲಿರಿ. ಮೊಣಕಾಲು ಮಡಿಸಿ ತಗ್ಗಿರಿ. ಇಡೀ ಅಂಗೈಯಿಂದ ಹಿಡಿದು, ಭಾರವನ್ನು ಹೊಟ್ಟೆಗೆ ಆನಿಸಿಕೊಂಡು, ಕಾಲುಗಳ ಬಲದಿಂದ ನಿಧಾನವಾಗಿ ಏಳಿರಿ. ಎತ್ತುವಾಗ ಜಗ್ಗಬೇಡಿರಿ. ತಿರುಗಬೇಕಾದರೆ ಸೊಂಟ ತಿರುಚದೆ, ಪಾದಗಳನ್ನೇ ಇಡುತ್ತಾ ತಿರುಗಿರಿ. ಇಳಿಸುವಾಗಲೂ ಇದೇ ಕ್ರಮ. ಇಬ್ಬರು ಎತ್ತುವಾಗ ಒಬ್ಬನೇ ಎಣಿಕೆ ಹೇಳಲಿ. ತಳ್ಳುಬಂಡಿ ಇದ್ದರೆ ಅದನ್ನೇ ಬಳಸಿರಿ. ಎಳೆಯುವುದಕ್ಕಿಂತ ತಳ್ಳುವುದು ಮೇಲು.

ಎಷ್ಟು ಭಾರ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ವಯಸ್ಕ ಗಂಡಸಿಗೆ 55 ಕಿಲೋಗ್ರಾಂ ಮಿತಿಯನ್ನು ಸೂಚಿಸಿತು. ಅಮೆರಿಕದ ತಜ್ಞರು 1991ರಲ್ಲಿ ಎಲ್ಲ ಅನುಕೂಲಗಳಿರುವಾಗಲೂ 23 ಕಿಲೋಗ್ರಾಂ ಸಾಕೆಂದರು. ಸಿಮೆಂಟಿನ ಒಂದು ಚೀಲವೇ 50 ಕಿಲೋಗ್ರಾಂ ಎಂಬುದನ್ನು ನೆನೆಯಿರಿ. ಹಾನಿಯಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದೆಂದು 1948ರ ಕಾರ್ಖಾನೆಗಳ ಕಾಯಿದೆಯೇ ತನ್ನ 34ನೆಯ ಪ್ರಕರಣದಲ್ಲಿ ವಿಧಿಸಿತು. ಆದುದರಿಂದ ಜೊತೆಗಾರನನ್ನು ಕರೆಯುವುದು ನಾಚಿಕೆಯ ಮಾತಲ್ಲ.

ಪತಿ ಪತ್ನಿಯರ ಗಮನಕ್ಕೆ

ಗರ್ಭಿಣಿಯು ಭಾರ ಎತ್ತಬಾರದು. ಹೆರಿಗೆಯಾದ ಮೇಲೆ ಗರ್ಭಕೋಶವನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಆಗ ಭಾರ ಎತ್ತಿದರೆ ಗರ್ಭಕೋಶ ಜಾರುವ ಸಂಭವವುಂಟು. ಕನಿಷ್ಠ ಆರು ವಾರಗಳ ಕಾಲ ನೀರಿನ ಕೊಡ, ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು ಇವೆಲ್ಲ ಪತಿಯ ಪಾಲಿಗಿರಲಿ. ಪೀಣ್ಯದಲ್ಲಿ ದಿನವೆಲ್ಲ ದುಡಿದು ಬಂದ ಹೆಂಡತಿಗೆ ಮನೆಯಲ್ಲಿ ಎರಡನೆಯ ಪಾಳಿ ಕಾದಿರಬಾರದು.

ನೋವು ಬಂದಾಗ

ಬೆನ್ನು ಹಿಡಿದುಕೊಂಡರೆ ಅಂದೇ ಮೇಲ್ವಿಚಾರಕರಿಗೆ ತಿಳಿಸಿರಿ. ಇ.ಎಸ್.ಐ. ವಿಮೆ ಇರುವವರಿಗೆ ಕೆಲಸದಲ್ಲಾದ ಗಾಯಕ್ಕೆ ಚಿಕಿತ್ಸೆಯೂ ನಗದು ಪರಿಹಾರವೂ ಉಂಟು. ಬಹುಪಾಲು ಬೆನ್ನುನೋವು ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ; ಹಾಸಿಗೆ ಹಿಡಿದು ಮಲಗುವುದಕ್ಕಿಂತ ಮೆಲ್ಲನೆ ನಡೆದಾಡುವುದೇ ಹಿತ. ಆದರೆ ಕಾಲು ಸೋತರೆ, ತೊಡೆಸಂದು ಜೋಮುಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಅಂತಹ ಸ್ಥಿತಿಯಲ್ಲಿ ಬೆನ್ನು ತುಳಿಸುವುದು, ನೀವಿಸುವುದು ಅಪಾಯಕರ.

ಕಬ್ಬಿಣ ಹೊರಲು ಬಂಡಿಯುಂಟು, ಯಂತ್ರವುಂಟು. ಸಂಸಾರದ ಭಾರ ಹೊರಲು ಇರುವುದು ಈ ಬೆನ್ನೊಂದೇ.