ವಕೀಲರು ಕಟ್ಟಿದ ಬ್ಯಾಂಕು, ಮನೆ ಮಾರಿ ತಂದ ಅಚ್ಚುಯಂತ್ರ: ರಾವ್ ಬಹಾದ್ದೂರ್ ಫ.ಗು. ಹಳಕಟ್ಟಿ

ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಹೆಸರು ಕನ್ನಡಿಗರಿಗೆ ‘ವಚನ ಪಿತಾಮಹ’ ಎಂಬ ಗೌರವದೊಡನೆ ಪರಿಚಿತವಾಗಿದೆ. ಜುಲೈ 2ರಂದು ಅವರ ಜಯಂತಿಯ ದಿನ ಭಾಷಣಗಳಾಗುತ್ತವೆ, ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ, ತಾಡವೋಲೆಗಳ ಕಥೆಯನ್ನು ಮತ್ತೊಮ್ಮೆ ಹೇಳಲಾಗುತ್ತದೆ. ಆದರೆ ಆರು ದಶಕಗಳ ಕಾಲ ವಿಜಯಪುರವನ್ನು ಕರ್ಮಭೂಮಿಯಾಗಿ ಮಾಡಿಕೊಂಡಿದ್ದ ಈ ಮಹನೀಯರು ವೃತ್ತಿಯಿಂದ ವಕೀಲರು, ಮುಂಬಯಿ ಶಾಸನಸಭೆಯ ಸದಸ್ಯರು, ನಗರದ ಸಹಕಾರಿ ಬ್ಯಾಂಕೊಂದರ ಸ್ಥಾಪಕರು ಎಂಬ ಸಂಗತಿಗೆ ಈ ಸಮಾರಂಭಗಳಲ್ಲಿ ಒಂದೆರಡು ವಾಕ್ಯಗಳಿಗಿಂತ ಹೆಚ್ಚಿನ ಸ್ಥಳ ದೊರೆಯುವುದು ಅಪರೂಪ. ವ್ಯಾಪಾರ–ಉದ್ದಿಮೆಯಲ್ಲಿ ತೊಡಗಿರುವವರಿಗೆ ಅವರ ಬದುಕಿನ ಈ ಭಾಗವೇ ಹೆಚ್ಚು ಹತ್ತಿರದ್ದು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪದವಿ ಪಡೆದು, 1904ರಲ್ಲಿ ಕಾನೂನು ಪರೀಕ್ಷೆಯಲ್ಲಿ ತೇರ್ಗಡೆಯಾದ ಅವರು ಕೆಲಕಾಲ ಬೆಳಗಾವಿಯಲ್ಲಿದ್ದು, ಅನಂತರ ವಿಜಯಪುರಕ್ಕೆ ಬಂದು ವಕೀಲಿ ಆರಂಭಿಸಿದರು. ಮುಂದೆ ಸರಕಾರಿ ವಕೀಲರೂ ಆದರು.

ಅವರು ಬಂದಾಗ ವಿಜಯಪುರದ ಸ್ಥಿತಿ ಹೇಗಿತ್ತೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. 1876–78ರ ಭೀಕರ ಬರಗಾಲ ಹಿರಿಯರ ನೆನಪಿನಲ್ಲಿ ಹಸಿಯಾಗಿತ್ತು. 1896–97 ಮತ್ತು 1899–1900ರ ಬರಗಳು ಕಣ್ಣೆದುರಿಗೇ ಕಳೆದಿದ್ದವು. ಹೋಟಗಿ–ಗದಗ ರೈಲುಮಾರ್ಗ 1880ರ ದಶಕದಲ್ಲಿ ತೆರೆದ ಮೇಲೆ ಜಿಲ್ಲೆಯ ಹತ್ತಿ ಮತ್ತು ಧಾನ್ಯಗಳಿಗೆ ದೂರದ ಮಾರುಕಟ್ಟೆ ದೊರೆತಿತ್ತು. ಆದರೆ ಆ ಮಾರುಕಟ್ಟೆಗೆ ಮಾಲು ಕಳುಹಿಸಲು ಬೇಕಾದ ದುಡಿಯುವ ಬಂಡವಾಳ ಸಣ್ಣವರ ಕೈಯಲ್ಲಿರಲಿಲ್ಲ. ಅಥಣಿ ರಸ್ತೆಯ ತಿಕೋಟಾ, ಜಮಖಂಡಿ ರಸ್ತೆಯ ಬಬಲೇಶ್ವರದಂತಹ ಊರುಗಳ ಒಕ್ಕಲಿಗನಿಗೆ ಬೀಜಕ್ಕೂ ಎತ್ತಿಗೂ, ಪೇಟೆಯ ಸಣ್ಣ ಅಂಗಡಿಕಾರನಿಗೆ ಮಾಲಿಗೂ, ನೇಕಾರನಿಗೆ ನೂಲಿಗೂ ಸಾಲದ ಮೂಲ ಒಂದೇ, ಸಾವಕಾರನ ಮನೆ. ಸಾಲ ತೀರದಿದ್ದರೆ ಮುಂದಿನ ಮೆಟ್ಟಿಲು ದಿವಾಣಿ ನ್ಯಾಯಾಲಯ. ಮಳೆಯನ್ನೇ ನಂಬಿದ ಜಿಲ್ಲೆಯಲ್ಲಿ ವಕೀಲನಾದವನು ಋಣದ ವ್ಯವಹಾರವನ್ನು ಹತ್ತಿರದಿಂದ ಕಾಣದೆ ಇರುವುದು ಸಾಧ್ಯವಿರಲಿಲ್ಲ.

ಕಾನೂನಿನಿಂದ ಈ ರೋಗಕ್ಕೆ ಮದ್ದು ಹುಡುಕುವ ಪ್ರಯತ್ನ ಅದಾಗಲೇ ನಡೆದಿತ್ತು. ಪುಣೆ, ಅಹಮದನಗರ ಪ್ರದೇಶದಲ್ಲಿ 1875ರಲ್ಲಿ ರೈತರು ಸಾವಕಾರರ ವಿರುದ್ಧ ದಂಗೆ ಎದ್ದ ಬಳಿಕ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂದಿತು. ಸಾಲದ ಪತ್ರದಲ್ಲಿ ಬರೆದದ್ದನ್ನೇ ನಂಬದೆ ಲೆಕ್ಕದ ಪೂರ್ವಾಪರವನ್ನು ವಿಚಾರಿಸುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ನೀಡಿತು. ಆದರೆ ಹಳೆಯ ಸಾಲವನ್ನು ವಿಚಾರಿಸುವುದು ಬೇರೆ, ಹೊಸ ಸಾಲವನ್ನು ನ್ಯಾಯವಾದ ಬಡ್ಡಿಗೆ ಒದಗಿಸುವುದು ಬೇರೆ. ಎರಡನೆಯದನ್ನು ನ್ಯಾಯಾಲಯ ಮಾಡಲಾರದು.

ಆ ಕೆಲಸಕ್ಕೆ ಹೊಸ ದಾರಿ ತೆರೆದದ್ದು ಹಳಕಟ್ಟಿಯವರು ಕಾನೂನು ಪರೀಕ್ಷೆ ಮುಗಿಸಿದ 1904ರಲ್ಲಿಯೇ. ಆ ವರ್ಷ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಪತ್ತಿನ ಸಂಘ ನೋಂದಣಿಯಾಯಿತು. ಈ ವಿಚಾರದ ಮೂಲ ಜರ್ಮನಿಯದು. ಹಳ್ಳಿಯ ಸಂಘಗಳಿಗೆ ರೈಫೈಸನ್ ಮಾದರಿ; ಪಟ್ಟಣದ ಕುಶಲಕರ್ಮಿಗಳು ಮತ್ತು ಚಿಕ್ಕ ವ್ಯಾಪಾರಿಗಳ ಬ್ಯಾಂಕುಗಳಿಗೆ ಶುಲ್ಜೆ-ಡೆಲಿಟ್ಷ್ ಮಾದರಿ. ಈ ಶುಲ್ಜೆ-ಡೆಲಿಟ್ಷ್ ಕೂಡ ಕಾನೂನು ಕ್ಷೇತ್ರದವರೇ. ನ್ಯಾಯಾಧೀಶರಾಗಿದ್ದು, 1848ರಲ್ಲಿ ಪ್ರಷ್ಯಾದ ರಾಷ್ಟ್ರೀಯ ಸಭೆಗೆ ಆಯ್ಕೆಯಾಗಿ, 1850ರಲ್ಲಿ ತಮ್ಮ ಊರಿನ ಬಡಗಿ–ಚಮ್ಮಾರರಿಗಾಗಿ ಪತ್ತಿನ ಸಂಘ ಕಟ್ಟಿದರು. ವಿಜಯಪುರದ ವಕೀಲರ ಬದುಕಿನೊಡನೆ ಅವರ ಬದುಕಿಗೆ ಇರುವ ಹೋಲಿಕೆ ಆಕಸ್ಮಿಕವಿರಬಹುದು, ಆದರೂ ಗಮನಾರ್ಹ.

1912ರಲ್ಲಿ ಹಳಕಟ್ಟಿಯವರು ವಿಜಯಪುರದಲ್ಲಿ ಶ್ರೀ ಸಿದ್ಧೇಶ್ವರ ಅರ್ಬನ್ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಊರಿನ ಆರಾಧ್ಯದೈವದ ಹೆಸರನ್ನೇ ಬ್ಯಾಂಕಿಗೆ ಇಟ್ಟದ್ದರಲ್ಲಿ ವ್ಯವಹಾರಜ್ಞಾನವೂ ಇತ್ತೆನ್ನಬೇಕು. ಠೇವಣಿ ಇಡಲು ಜನರಿಗೆ ಮೊದಲು ಬೇಕಾದದ್ದು ನಂಬಿಕೆ. ಅದೇ 1912ರಲ್ಲಿ ಬಂದ ಹೊಸ ಸಹಕಾರಿ ಕಾಯ್ದೆ ಪತ್ತಿನ ಸಂಘಗಳಾಚೆಗೆ ಮಾರಾಟ, ಖರೀದಿ, ಉತ್ಪಾದನೆಯ ಸಂಘಗಳಿಗೂ ಅವಕಾಶ ಕೊಟ್ಟಿತು. ಅದರ ಒಂದು ನಿಯಮ ಇಂದಿನ ವರ್ತಕರಿಗೂ ಕುತೂಹಲಕರವಾಗಿದೆ. ನಿವ್ವಳ ಲಾಭದ ನಾಲ್ಕನೆಯ ಒಂದು ಭಾಗವನ್ನು ಮೊದಲು ಕಾಯ್ದಿಟ್ಟ ನಿಧಿಗೆ ಸೇರಿಸಬೇಕು. ಆ ಬಳಿಕ ಉಳಿದ ಲಾಭದಲ್ಲಿ ನೂರಕ್ಕೆ ಹತ್ತನ್ನು ಮೀರದಷ್ಟು ಹಣವನ್ನು ಅನುಮತಿ ಪಡೆದು ಧರ್ಮಕಾರ್ಯಕ್ಕೆ ಕೊಡಬಹುದು. ಮೊದಲು ಸಂಸ್ಥೆಯ ಭದ್ರತೆ, ಅನಂತರ ದಾನ. ಸಾರ್ವಜನಿಕ ಹಣದ ವಿಷಯದಲ್ಲಿ ಈ ಕ್ರಮ ತಪ್ಪಿದ ಸಂಸ್ಥೆಗಳ ಗತಿ ಏನಾಯಿತೆಂಬುದು ಸಹಕಾರಿ ಕ್ಷೇತ್ರವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಬ್ಯಾಂಕಿಗೆ ಎರಡು ವರ್ಷ ಮೊದಲು, 1910ರಲ್ಲಿ, ಅವರ ಮುಂದಾಳುತನದಲ್ಲಿ ಇಂದು ಬಿ.ಎಲ್.ಡಿ.ಇ. ಎಂದು ಪ್ರಸಿದ್ಧವಾಗಿರುವ ವಿದ್ಯಾಸಂಸ್ಥೆ ಹುಟ್ಟಿತ್ತು. ಹತ್ತಿ ಮಾರಾಟ, ಒಕ್ಕಲುತನ, ನೇಯ್ಗೆಗೆ ಸಂಬಂಧಿಸಿದ ಸಹಕಾರಿ ಸಂಘಗಳ ಕೆಲಸದಲ್ಲಿಯೂ ಅವರು ಕೈಜೋಡಿಸಿದರು. ನಗರಸಭೆಯಲ್ಲಿ ಸೇವೆ ಸಲ್ಲಿಸಿದರು. ಭೂತನಾಳ ಕೆರೆಯ ಪ್ರಸ್ತಾಪ ಬಂದಾಗಲೆಲ್ಲ ಊರಿನ ಹಿರಿಯರು ಅವರ ಹೆಸರನ್ನು ನೆನೆಯುತ್ತಾರೆ.

ಶಾಸನಸಭೆಯಲ್ಲಿ

1920ರಲ್ಲಿ ಹಳಕಟ್ಟಿಯವರು ಮುಂಬಯಿ ಶಾಸನಸಭೆಯ ಸದಸ್ಯರಾದರು. 1919ರ ಸುಧಾರಣಾ ಕಾಯ್ದೆಯ ಪ್ರಕಾರ ರಚನೆಯಾದ ಆ ಸಭೆಗೆ ಮತದಾರರು ಕಡಿಮೆ. ಆಸ್ತಿ, ಕಂದಾಯದ ಆಧಾರದ ಮೇಲೆ ಮಾತ್ರ ಮತದ ಹಕ್ಕು. ಅಸಹಕಾರದ ಕಾಲವಾದ್ದರಿಂದ ಕಾಂಗ್ರೆಸ್ಸು ಆ ಚುನಾವಣೆಯನ್ನು ಬಹಿಷ್ಕರಿಸಿತ್ತು. ಹಳಕಟ್ಟಿಯವರಿಗೆ ಸರಕಾರದಿಂದ ರಾವ್ ಸಾಹೇಬ್, ರಾವ್ ಬಹಾದ್ದೂರ್ ಪದವಿಗಳೂ ಬಂದವು. ಸ್ವಾತಂತ್ರ್ಯ ಹೋರಾಟದ ಇತಿಹಾಸ ಬರೆದವರು ಅವರ ರಾಜಕೀಯ ಜೀವನವನ್ನು ಬೇಗನೆ ದಾಟಿ ಮುಂದೆ ಹೋಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈ ಉಪೇಕ್ಷೆ ನ್ಯಾಯವಾದುದಲ್ಲ. ಹೊಸ ವ್ಯವಸ್ಥೆಯಲ್ಲಿ ಹಣಕಾಸು, ಪೋಲೀಸು ಮುಂತಾದ ಮುಖ್ಯ ಖಾತೆಗಳನ್ನು ಗವರ್ನರ್ ತಮ್ಮ ಹಿಡಿತದಲ್ಲಿಯೇ ಇಟ್ಟುಕೊಂಡಿದ್ದರು. ಭಾರತೀಯ ಮಂತ್ರಿಗಳ ಪಾಲಿಗೆ ಬಂದವು ಶಿಕ್ಷಣ, ಕೃಷಿ, ಸ್ಥಳೀಯ ಆಡಳಿತ, ಸಹಕಾರ, ಉದ್ದಿಮೆಗಳ ಅಭಿವೃದ್ಧಿ. ರಾಷ್ಟ್ರೀಯ ನಾಯಕರ ದೃಷ್ಟಿಯಲ್ಲಿ ಅವು ಬಿಸಾಡಿದ ತುಣುಕುಗಳು. ಶಾಲೆ, ಬ್ಯಾಂಕು, ನಗರಸಭೆಗಳಲ್ಲಿ ಹತ್ತು ವರ್ಷ ದುಡಿದಿದ್ದ ಹಳಕಟ್ಟಿಯವರಿಗೆ ಅವೇ ನಿತ್ಯದ ಕೆಲಸಗಳು. ಸರಕಾರದೊಡನೆ ಕುಳಿತು ಊರಿಗೆ ದೊರೆತಷ್ಟನ್ನು ತರುವ ದಾರಿಯನ್ನು ಅವರು ಹಿಡಿದರು; ಸೆರೆಮನೆಗೆ ಹೋದವರ ದಾರಿ ಬೇರೆ. ಎರಡನೆಯದಕ್ಕೆ ಸಲ್ಲುವ ಗೌರವ ದೊಡ್ಡದೇ. ಆದರೆ ಮೊದಲನೆಯವರು ಕಟ್ಟಿದ ಸಂಸ್ಥೆಗಳು ಸ್ವಾತಂತ್ರ್ಯಾನಂತರವೂ ಉಳಿದು ಬೆಳೆದವು ಎಂಬುದನ್ನು ಮರೆಯಲಾಗದು. ವಿಜಯಪುರದಂತಹ ದೂರದ ಜಿಲ್ಲೆಗೆ ಅಂದು ಬೇರೆ ಯಾರು ಬಂಡವಾಳ ತರುವವರಿದ್ದರು?

ಮುದ್ರಣಾಲಯದ ಲೆಕ್ಕ

ಈ ವ್ಯವಹಾರಸ್ಥ ವಕೀಲರೇ ಲಾಭದ ಆಸೆಯಿಲ್ಲದ ಉದ್ಯಮವೊಂದಕ್ಕೆ ಕೈಹಾಕಿದ ಕಥೆ ಇನ್ನೂ ವಿಶಿಷ್ಟವಾದದ್ದು. ನೇಕಾರಿಕೆಗೆ ಹೆಸರಾದ ರಬಕವಿಯಲ್ಲಿ, ಮಂಚಾಲೆ ಮನೆತನದವರ ಬಳಿ, ವಕೀಲಿ ಆರಂಭಿಸುವ ಮೊದಲೇ ಅವರು ವಚನಗಳ ತಾಡವೋಲೆಗಳನ್ನು ಕಂಡಿದ್ದರು. ಅಂದಿನಿಂದ ಊರೂರು ತಿರುಗಿ ಓಲೆಗಳನ್ನು ಸಂಗ್ರಹಿಸಿ, ನಕಲು ಮಾಡಿ, ಪಾಠಗಳನ್ನು ಹೋಲಿಸಿ ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ವನ್ನು ಮುದ್ರಿಸಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಹಸ್ತಪ್ರತಿ ಅಚ್ಚಾಗದೆ ಹಿಂದಿರುಗಿತು. ಕೊನೆಗೆ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು.

ಬೇರೆಯವರ ಯಂತ್ರವನ್ನು ನಂಬಿ ಈ ಕೆಲಸ ಮುಂದುವರಿಯದೆಂಬುದು ಅವರಿಗೆ ಮನವರಿಕೆಯಾಗಿರಬೇಕು. 1925ರಲ್ಲಿ ವಿಜಯಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಅವರು ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ ಅಲ್ಲಿಂದ ಹೊರಟವು. 1926ರಲ್ಲಿಯೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರಿಗೆ ಬಂದಿತು.

ಮುದ್ರಣ ವ್ಯವಸಾಯದಲ್ಲಿರುವವರಿಗೆ ಇದರ ಲೆಕ್ಕ ಸುಲಭವಾಗಿ ತಿಳಿಯುತ್ತದೆ. ಅಚ್ಚುಮೊಳೆ ಸವೆಯುತ್ತದೆ, ಮೊಳೆ ಜೋಡಿಸುವವರ ಪಗಾರ, ಕಾಗದದ ಬೆಲೆ ನಿಲ್ಲುವುದಿಲ್ಲ, ಚಂದಾ ಮಾತ್ರ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಮದುವೆಯ ಕರೆಯೋಲೆ, ಅಂಗಡಿಯ ಪಾವತಿ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯವೇ ಕಷ್ಟದಿಂದ ನಡೆಯುವಾಗ, ಹಳಗಾಲದ ವಚನಗಳನ್ನು ಅಚ್ಚು ಹಾಕುವವನ ಪಾಡೇನು? ಆದರೂ ‘ಶಿವಾನುಭವ’ ದಶಕಗಳ ಕಾಲ ನಡೆಯಿತು. ಸುಮಾರು 250 ವಚನಕಾರರನ್ನು ಬೆಳಕಿಗೆ ತಂದ ಕೀರ್ತಿ ಅವರಿಗೆ ಸಲ್ಲುತ್ತದೆ. ವಕೀಲಿಯಿಂದ ಬರಬಹುದಾಗಿದ್ದ ಆದಾಯ ಕೈತಪ್ಪಿತು. ಬಾಡಿಗೆ ಮನೆ, ಹಳೆಯ ಕೋಟು, ಓಡಾಟಕ್ಕೊಂದು ಸೈಕಲ್ಲು, ಇಂತು ಅವರ ಉಳಿದ ದಿನಗಳ ಚಿತ್ರ ಅವರ ಜೀವನಚರಿತ್ರೆಗಳಲ್ಲಿ ಕಾಣುತ್ತದೆ.

ಜನರ ಷೇರು ಮತ್ತು ಠೇವಣಿಯಿಂದ ನಿಂತದ್ದು ಬ್ಯಾಂಕು. ಸ್ವಂತ ಮನೆಯ ಬೆಲೆಯಿಂದ ನಿಂತದ್ದು ಮುದ್ರಣಾಲಯ. ಮರಳಿ ಬರುವ ಭರವಸೆಯಿಲ್ಲದ ಕೆಲಸಕ್ಕೆ ಅವರು ತಮ್ಮ ಆಸ್ತಿಯನ್ನು ಹೂಡಿದರು ಎಂಬುದರಲ್ಲಿ ಅವರ ವ್ಯಕ್ತಿತ್ವದ ತಿರುಳಿದೆ. ಅಂದಿನ ಸಾರ್ವಜನಿಕ ಜೀವನದಲ್ಲಿಯೂ ಇಂತಹ ವಿವೇಕ ಸರ್ವಸಾಧಾರಣವಾಗಿರಲಿಲ್ಲ. ಇಂದಿನ ಮಾತು ಬೇರೆಯೇ ಇದೆ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು, 84 ತುಂಬಲು ಮೂರು ದಿನಗಳಿರುವಾಗ, ಅವರು ನಿಧನರಾದರು.

ಅವರು ಆರಂಭಿಸಿದ ವಿದ್ಯಾಸಂಸ್ಥೆಯನ್ನು ಬಂಥನಾಳದ ಸಂಗನಬಸವ ಶಿವಯೋಗಿಗಳು ಪೋಷಿಸಿದರು. ಬಳಿಕ ತಿಕೋಟಾ ಕ್ಷೇತ್ರದ ಶಾಸಕರಾಗಿದ್ದ ಬಿ.ಎಂ. ಪಾಟೀಲರು ವಿಸ್ತರಿಸಿದರು. 1980ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜಿಗೆ ಹಳಕಟ್ಟಿಯವರ ಹೆಸರಿದೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ತಿಕೋಟಾ ಕ್ಷೇತ್ರ ಹೋಗಿ ಬಬಲೇಶ್ವರ ಕ್ಷೇತ್ರವಾಯಿತು. ಮುಂದೆ ಎರಡೂ ಊರುಗಳು ತಾಲ್ಲೂಕು ಕೇಂದ್ರಗಳಾದವು. ಒಂದು ಕಾಲದಲ್ಲಿ ಬೀಜದ ಸಾಲಕ್ಕೆ ಅಲೆಯುತ್ತಿದ್ದ ತಿಕೋಟಾ ಭಾಗದ ಒಕ್ಕಲಿಗರು ಇಂದು ದ್ರಾಕ್ಷಿ ಬೆಳೆದು, ಒಣದ್ರಾಕ್ಷಿ ಮಾಡಿ ಹೊರಗಿನ ಮಾರುಕಟ್ಟೆಗೆ ಕಳುಹಿಸುತ್ತಾರೆ. ಮನೆ ಮಾರಿ ಅಚ್ಚು ಹಾಕಿದ ಹಳಕಟ್ಟಿಯವರ ಬರಹಗಳೋ, ಸಮಗ್ರ ಸಾಹಿತ್ಯದ ಸಂಪುಟಗಳಾಗಿ ಮತ್ತೆ ಅಚ್ಚಾಗಿವೆ. ಪ್ರಕಟಿಸಿದವರು ಬಿ.ಎಲ್.ಡಿ.ಇ. ಸಂಸ್ಥೆಯವರು.